ನಾರಾದ ಯಾಕುಶಿಜಿಯಲ್ಲಿ ಸೂತ್ರ ಬರೆಯೋಕೆ ಕೂತರೆ ಏನು ಸಿಗುತ್ತದೆ?

ಜಪಾನಿನ ನಾರಾಕ್ಕೆ ಹೋದವರು ಸಾಮಾನ್ಯವಾಗಿ ತೋದಾಯ್‌ಜಿಯ ದೊಡ್ಡ ಬುದ್ಧನನ್ನು ನೋಡಿ, ಜಿಂಕೆಗಳಿಗೆ ಬಿಸ್ಕತ್ತು ಹಾಕಿ ವಾಪಸ್ ಹೊರಡುತ್ತಾರೆ. ದಯವಿಟ್ಟು ನಿಶಿನೊಕ್ಯೊ ಸ್ಟೇಷನ್ನಿನಲ್ಲೂ ಇಳಿಯಿರಿ. ಪಕ್ಕದಲ್ಲೇ ಯಾಕುಶಿಜಿ ಎಂಬ ಬೌದ್ಧ ದೇವಾಲಯ ಇದೆ. ಅಲ್ಲಿ ಬೌದ್ಧ ಸೂತ್ರವನ್ನು ಕೈಯಾರೆ ನಕಲು ಮಾಡೋಕೆ ಭಕ್ತರಲ್ಲದವರೂ ಕೂರಬಹುದು. ಜಪಾನಿ ಬಾರದಿದ್ದರೂ ನಡೆಯುತ್ತದೆ.

ಕೊರಳಿಗೆ ಒಂದು ಪಟ್ಟಿ ಹಾಕಿಕೊಂಡು, ಬಾಯಲ್ಲಿ ಲವಂಗ ಇಟ್ಟುಕೊಂಡು, ಆನೆ ಆಕಾರದ ಧೂಪದಾನಿ ದಾಟಿ ಒಳಗೆ ಹೋಗಬೇಕು. ಕೆಳಗಿನ ಮಾದರಿ ತೆಳು ಕಾಗದದಲ್ಲಿ ಕಾಣುತ್ತದೆ, ಅದರ ಮೇಲೆ ಕುಂಚ ಓಡಿಸಿದರಾಯಿತು. ಬರೆಯುವುದು ಹೃದಯ ಸೂತ್ರ ಎಂಬ ಪುಟ್ಟ ಬೌದ್ಧ ಪಠ್ಯ, ಅದರಲ್ಲಿ 'ಇಲ್ಲ' ಎನ್ನುವ ಚೀನೀ ಅಕ್ಷರವೇ 21 ಸಲ ಬರುತ್ತದೆ. ಅದರ ಬುಡದಲ್ಲಿ ನಾಲ್ಕು ಚುಕ್ಕೆ. ಮೊದಮೊದಲು ನನ್ನ ಚುಕ್ಕೆಗಳೆಲ್ಲ ಒಂದಕ್ಕೊಂದು ಅಂಟಿಕೊಂಡವು, ಅರ್ಧ ಮುಗಿಯುವ ಹೊತ್ತಿಗೆ ಕೈ ತಾನಾಗಿ ನಿಧಾನವಾಯಿತು.

ಇದೇ ಕೆಲಸವನ್ನು 8ನೇ ಶತಮಾನದಲ್ಲಿ ಸರ್ಕಾರ ಸಂಬಳ ಕೊಟ್ಟು ಮಾಡಿಸುತ್ತಿತ್ತು. 735ರಿಂದ 737ರವರೆಗೆ ಸಿಡುಬು ದೇಶವನ್ನೇ ಅಲ್ಲಾಡಿಸಿತು, ಆಡಳಿತದ ತುದಿಯಲ್ಲಿದ್ದ ನಾಲ್ವರು ಫುಜಿವಾರಾ ಸಹೋದರರೂ ಸತ್ತರು. ಸೂತ್ರ ಬರೆಸಿದರೆ, ಓದಿಸಿದರೆ ನಾಡು ಉಳಿಯುತ್ತದೆ ಎಂದು ದೊರೆ ಶೋಮು ಮನಸಾರೆ ನಂಬಿದ್ದ. 741ರಲ್ಲಿ ಪ್ರತಿ ಪ್ರಾಂತ್ಯದಲ್ಲೂ ಒಂದು ಭಿಕ್ಷು ವಿಹಾರ, ಒಂದು ಭಿಕ್ಷುಣಿ ವಿಹಾರ ಕಟ್ಟಿ ಅಂತ ಆಜ್ಞೆ ಹೊರಡಿಸಿದ. ಅವನ ರಾಣಿ ಕೋಮ್ಯೊ ಬರೆಸಿದ ಸುರುಳಿಗಳು ಸಾವಿರಗಟ್ಟಲೆ. ಸೂತ್ರ ಬರೆಸುತ್ತಿದ್ದ ಸರ್ಕಾರಿ ನಕಲು ಕಚೇರಿಯಲ್ಲಿ ಹಾಳೆಗೆ ಇಷ್ಟು ಅಂತ ಕೂಲಿ, ತಪ್ಪು ಬರೆದರೆ ಕಡಿತ. ನಕಲುಗಾರರ ಒಂದು ಮನವಿ ಇವತ್ತಿಗೂ ಉಳಿದಿದೆ: ಬಟ್ಟೆ ಒಗೆದರೂ ನಾತ ಹೋಗುತ್ತಿಲ್ಲ, ಹೊಸದು ಕೊಡಿ, ತಿಂಗಳು ತಿಂಗಳು ರಜೆ ಕೊಡಿ, ಕೂತು ಕೂತು ಎದೆ ನೋವು, ಕಾಲು ಜೋಮು, ಮೂರು ದಿನಕ್ಕೊಮ್ಮೆ ಸ್ವಲ್ಪ ಸಾಕೆ (ಅಕ್ಕಿಯ ಮದ್ಯ) ಕೊಡಿ. ಕುಂಚ ಹಿಡಿದ ಮೇಲೆ ಈ ಮನವಿಯ ಒಂದೊಂದು ಸಾಲೂ ನನಗೆ ಮೈಗೆ ತಾಕಿತು.

ಯಾಕುಶಿಜಿ ಹುಟ್ಟಿದ್ದೂ ಅರಮನೆಯ ಹರಕೆಯಿಂದಲೇ, 680ರಲ್ಲಿ ದೊರೆ ತೆನ್ಮು ರಾಣಿಯ ಕಾಯಿಲೆ ವಾಸಿಯಾಗಲಿ ಎಂದು ಹೊತ್ತಿದ್ದು. ಆದರೆ 1528ರ ಬೆಂಕಿಯಲ್ಲಿ ಸುಟ್ಟುಹೋದ ಮುಖ್ಯ ಮಂದಿರವನ್ನು ಮತ್ತೆ ಕಟ್ಟಿದ್ದು ಜನ. ಮಠಾಧಿಪತಿ ತಕಾದಾ ಕೋಯಿನ್ 1968ರಲ್ಲಿ, ಒಂದು ಸೂತ್ರ ಬರೆದು 1000 ಯೆನ್ ಕೊಡಿ ಅಂತ ಊರೂರು ತಿರುಗಿದರು. ಗುರಿ ಹತ್ತು ಲಕ್ಷ ಪ್ರತಿ. 1976ಕ್ಕೆ ಮಂದಿರ ಎದ್ದು ನಿಂತಿತು! ನನಗೆ ಈ ಜಾಗ ಇಷ್ಟವಾಗಿದ್ದು ಇದಕ್ಕೇ. ನೀವು ಬರೆದ ಹಾಳೆಯನ್ನೂ ದೇವಾಲಯವೇ ಕಾಪಾಡಿ ಇಡುತ್ತದೆ.

ಕಾಣಿಕೆ ಈಗ ಆ 1000 ಯೆನ್‌ಗಿಂತ ಜಾಸ್ತಿ, ಆದರೂ ಕೊಡಬಹುದು. ಒಂದೂವರೆ ಗಂಟೆ ಬಿಡುವು ಇಟ್ಟುಕೊಳ್ಳಿ, ಸುಮ್ನೆ ಫೋಟೋಗೆ ಅಂತ ಹೋಗಬೇಡಿ. ಶರತ್ಕಾಲದಲ್ಲಾದರೆ ನಾರಾ ರಾಷ್ಟ್ರೀಯ ಮ್ಯೂಸಿಯಂನಲ್ಲಿ ಶೋಸೋಯಿನ್ ಎಂಬ ಹಳೇ ಭಂಡಾರದ ವಸ್ತುಗಳ ಪ್ರದರ್ಶನ ಇರುತ್ತದೆ, 8ನೇ ಶತಮಾನದ ಕಾಗದಪತ್ರಗಳನ್ನೂ ಇಟ್ಟಿರುತ್ತಾರೆ. ಟಿಕೆಟ್ ಮೊದಲೇ ಬುಕ್ ಮಾಡಿ, ಮತ್ತೆ ಮ್ಯೂಸಿಯಂಗೆ ಹೋಗುವ ಮುಂಚೆಯೇ ಯಾಕುಶಿಜಿಯಲ್ಲಿ ಕೂತು ಬರೆದುಬಿಡಿ.