ಹಾಸನದ ರೆಟಿನಾ ಶಿಬಿರ: ತಪಾಸಣೆ ಅಚ್ಚುಕಟ್ಟು, ದೇಣಿಗೆಯ ಲೆಕ್ಕ ಅಸ್ಪಷ್ಟ

ದತ್ತಿ ಸಂಸ್ಥೆಯೊಂದು ಹಾಸನದ ಬಿ.ಎಂ. ರಸ್ತೆಯ ಸಮುದಾಯ ಭವನದಲ್ಲಿ ನಡೆಸಿದ ಉಚಿತ ರೆಟಿನಾ (ಕಣ್ಣಿನ ಒಳಪರದೆ) ತಪಾಸಣಾ ಶಿಬಿರಕ್ಕೆ ಸಕ್ಕರೆ ಕಾಯಿಲೆಯಿರುವ ನಮ್ಮ ಅತ್ತೆಯವರನ್ನು ಕರೆದುಕೊಂಡು ಹೋಗಿದ್ದೆ. ರೆಟಿನಾ ರೋಗಗಳ ಸಂಶೋಧನೆಗೆಂದು ಅಲ್ಲಿಯೇ ದೇಣಿಗೆಯನ್ನೂ ಪಡೆಯುತ್ತಿದ್ದರು.

ತಪಾಸಣೆಯ ಬಗ್ಗೆ ದೂರು ಹೇಳುವಂಥದ್ದು ಹೆಚ್ಚಿಲ್ಲ. ಕಣ್ಣಿನ ಒಳಭಾಗದ ಚಿತ್ರ ತೆಗೆಯುವ ಫಂಡಸ್ ಕ್ಯಾಮೆರಾದ ಮುಂದೆ ಕುಳಿತಿದ್ದ ಹುಡುಗಿ "ಅಜ್ಜಿ, ಗಲ್ಲ ಇಲ್ಲಿಡಿ, ಹಸಿರು ದೀಪವನ್ನೇ ನೋಡ್ತಿರಿ" ಎಂದು ಬೇಸರವಿಲ್ಲದೆ ಎಲ್ಲರಿಗೂ ಹೇಳುತ್ತಿದ್ದಳು. ಪಾಪೆ ಹಿಗ್ಗಿಸುವ ಹನಿ ಹಾಕಿದ ಮೇಲೆ ಕೆಲವು ಗಂಟೆ ಕಣ್ಣು ಮಂಜಾಗಿರುತ್ತದೆ, ಬೈಕ್ ಓಡಿಸಬಾರದು ಎಂಬುದನ್ನು ಮಾತ್ರ ಹನಿ ಹಾಕುವ ಮೊದಲೇ ತಿಳಿಸಬೇಕಿತ್ತು.

ನನಗೆ ನಿಜವಾಗಿ ಮೆಚ್ಚುಗೆಯಾದದ್ದು ಮೂಲೆಯಲ್ಲಿದ್ದ ಆನುವಂಶಿಕ ಸಲಹೆಯ ಮೇಜು. ಅರಕಲಗೂಡು ಕಡೆಯ ಯುವಕನೊಬ್ಬನಿಗೆ ಚಿಕ್ಕಂದಿನಿಂದ ಇರುಳುಗಣ್ಣು, ಈಗ ಪಕ್ಕದ ನೋಟವೂ ಕುಗ್ಗುತ್ತಿದೆ. ರೆಟಿನೈಟಿಸ್ ಪಿಗ್ಮೆಂಟೋಸಾ ಎಂಬ ಆನುವಂಶಿಕ ರೆಟಿನಾ ರೋಗದಲ್ಲಿ ಮಬ್ಬುಬೆಳಕಿನಲ್ಲಿ ನೋಟ ಕೊಡುವ ಕೋಶಗಳು ಮೊದಲು ಸಾಯುವುದರಿಂದ ರೋಗ ಸಾಮಾನ್ಯವಾಗಿ ಹೀಗೆಯೇ ಮುಂದುವರಿಯುತ್ತದೆ. ಸಲಹೆಗಾರ್ತಿ ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ ಬರೆಯುತ್ತ ಅವನ ವಂಶವೃಕ್ಷವನ್ನು ಬಿಡಿಸಿದರು. ತಾಯಿ ಮದುವೆಯಾದದ್ದು ತನ್ನ ಸೋದರಮಾವನನ್ನೇ ಎಂದು ತಿಳಿದಾಗ ಅವರಿಬ್ಬರ ನಡುವೆ ರಕ್ತಸಂಬಂಧದ ಮದುವೆಯ ಗುರುತಾದ ಜೋಡಿಗೆರೆ ಎಳೆದರು. ಯಾರನ್ನೂ ದೂಷಿಸದೆ, ರಕ್ತಸಂಬಂಧದ ಮದುವೆಯಲ್ಲಿ ಇಂಥ ರೋಗದ ಸಾಧ್ಯತೆ ಏಕೆ ಹೆಚ್ಚುತ್ತದೆಂಬುದನ್ನು ತಿಳಿಸಿದ ರೀತಿ ಬಹಳ ಸೂಕ್ಷ್ಮವಾಗಿತ್ತು.

ಇಂಥ ಆನುವಂಶಿಕ ರೆಟಿನಾ ರೋಗಕ್ಕೆಂದು ಅಮೆರಿಕದಲ್ಲಿ 2017ರಲ್ಲಿ ಅನುಮತಿ ಪಡೆದ ಲಕ್ಸ್‌ಟರ್ನಾ ಎಂಬ ಜೀನ್ ಚಿಕಿತ್ಸೆ ಕೆಲಸ ಮಾಡುವುದು ಆರ್‌ಪಿಇ65 ಎಂಬ ಒಂದೇ ಜೀನಿನ ದೋಷಕ್ಕೆ. ಎರಡು ಕಣ್ಣಿಗೆ 2018ರ ಆರಂಭದಲ್ಲಿ ಅದಕ್ಕಿಟ್ಟ ಬೆಲೆ 8.5 ಲಕ್ಷ ಡಾಲರ್ ಆಗಿತ್ತು. ರೆಟಿನೈಟಿಸ್ ಪಿಗ್ಮೆಂಟೋಸಾಕ್ಕೆ ಕಾರಣವಾಗುವ ಜೀನುಗಳಾದರೋ ಹತ್ತಾರು. ತನ್ನಲ್ಲಿ ಕೆಟ್ಟಿರುವ ಜೀನು ಯಾವುದೆಂದೇ ತಿಳಿಯದ ರೋಗಿಗೆ, ನಾಳೆ ಯಾವುದೋ ಜೀನ್ ಚಿಕಿತ್ಸೆಯ ಪ್ರಯೋಗ ಆರಂಭವಾದರೂ ಅದು ತನಗೆ ಸಲ್ಲುತ್ತದೆಯೇ ಎಂದು ಹೇಳುವವರಿರುವುದಿಲ್ಲ. ಆದ್ದರಿಂದ ನಮ್ಮ ಜಿಲ್ಲೆಯವರ ದೇಣಿಗೆ ಮೊದಲು ಸಲ್ಲಬೇಕಾದದ್ದು ಇಂಥ ಕುಟುಂಬಗಳ ಜೀನ್ ಪರೀಕ್ಷೆಗೆ ಎಂಬುದು ನನ್ನ ಅಭಿಪ್ರಾಯ.

ದೇಣಿಗೆಯ ಮೇಜಿನಲ್ಲಿ ಈ ಸ್ಪಷ್ಟತೆ ಇರಲಿಲ್ಲ. ರಸೀದಿಯಲ್ಲಿ ಅಚ್ಚಾಗಿದ್ದದ್ದು "ನೇತ್ರ ಸೇವೆ" ಎಂದಷ್ಟೇ. ಸಂಶೋಧನೆಗೆ ಎಷ್ಟು ಭಾಗ ಹೋಗುತ್ತದೆಂದು ಕೇಳಿದರೆ "ಎಲ್ಲ ಒಂದೇ ಖಾತೆ ಸಾರ್" ಎಂಬ ಉತ್ತರ ಬಂತು. ಸಕಲೇಶಪುರದ ಕಾಫಿ ಬೆಳೆಗಾರರೊಬ್ಬರು ಐನೂರರ ನೋಟುಗಳ ಕಟ್ಟನ್ನೇ ಎಣಿಸಿ ಕೊಡುತ್ತಿದ್ದರೂ, 2,000 ರೂಪಾಯಿ ಮೀರಿದ ನಗದು ದೇಣಿಗೆಗೆ ಆದಾಯ ತೆರಿಗೆ ವಿನಾಯಿತಿ ಸಿಗದೆಂದು ಅವರಿಗೆ ಯಾರೂ ಹೇಳಲಿಲ್ಲ. ಬೇರೆಯವರ ಹಣ ಮುಟ್ಟುವವರಿಗೆ ಇಷ್ಟು ಅಸಡ್ಡೆ ತಕ್ಕದ್ದಲ್ಲ.

ನಾನು ಚೆಕ್ ಕೊಟ್ಟು, "ಜೀನ್ ಪರೀಕ್ಷೆಯ ವೆಚ್ಚಕ್ಕೆ" ಎಂದು ರಸೀದಿಯ ಮೇಲೆ ಬರೆದುಕೊಡಲು ಕೇಳಿದಾಗ ಸ್ವಲ್ಪ ಹಿಂದೆಮುಂದೆ ನೋಡಿ ಬರೆದು ಮೊಹರು ಹಾಕಿದರು. ತಪಾಸಣೆಗೆ ಯಾರನ್ನಾದರೂ ಧಾರಾಳವಾಗಿ ಕಳುಹಿಸಬಹುದು. ಹಣ ಕೊಡುವವರು ಮಾತ್ರ ಉದ್ದೇಶವನ್ನು ಬರೆಸಿಕೊಂಡೇ ಕೊಡುವುದು ಒಳಿತು.