ಒಡೆದ ಫೈಬರ್ ದೋಣಿಗೆ ಯಾವ ರೆಸಿನ್? ಪಾಲಿಯೆಸ್ಟರ್, ವಿನೈಲ್ ಎಸ್ಟರ್, ಎಪಾಕ್ಸಿ ಹೋಲಿಕೆ

ಕರಾವಳಿಯಲ್ಲಿ ದೋಣಿ ರಿಪೇರಿಗೆ ಪುರುಸೊತ್ತು ಸಿಗುವುದು ಹೆಚ್ಚಾಗಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವ ಜೂನ್ 1ರಿಂದ ಜುಲೈ 31ರ ನಡುವೆ. ಗಾಜಿನ ನಾರನ್ನು ಹಿಡಿದಿಡುವ ಅಂಟಾದ ರೆಸಿನ್‌ಗೆ ಅದಕ್ಕಿಂತ ಕೆಟ್ಟ ಕಾಲ ಇನ್ನೊಂದಿಲ್ಲ. ಗಾಳಿಯ ತೇವ ಶೇ. 85 ದಾಟಿದರೆ ಯಾವ ರೆಸಿನ್ ಆದರೂ ಮುನಿಸಿಕೊಳ್ಳುತ್ತದೆ, ಒಂದೊಂದು ಒಂದೊಂದು ರೀತಿಯಲ್ಲಿ. ಆದ್ದರಿಂದ ಟಾರ್ಪಾಲಿನ್ ಚಪ್ಪರ ಮೊದಲು, ರೆಸಿನ್ ಆಮೇಲೆ.

6 ಮಿ.ಮೀ. ದಪ್ಪದ ತಳದಲ್ಲಿ ಅಂಗೈ ಅಗಲದ, ಅಂದರೆ ಸುಮಾರು 10 ಸೆಂ.ಮೀ. ತೂತು ಇದೆ ಎಂದುಕೊಳ್ಳಿ. ನೀರಿನ ಮಟ್ಟದ ಕೆಳಗೆ.

ಅಂಗಡಿಯಲ್ಲಿ ಸುಲಭವಾಗಿ, ಅಗ್ಗವಾಗಿ ಸಿಗುವುದು ಪಾಲಿಯೆಸ್ಟರ್. ದೋಣಿ ಕಟ್ಟಿದ್ದೂ ಬಹುಪಾಲು ಅದರಲ್ಲೇ. ಹಾಗಾಗಿ ಅದೇ ಅದಕ್ಕೆ ಚೆನ್ನಾಗಿ ಅಂಟುತ್ತದೆ ಎಂದು ಎಲ್ಲರೂ ನಂಬುತ್ತಾರೆ. ನಂಬಿಕೆ ತಪ್ಪು. ಹೊಸ ದೋಣಿಯಲ್ಲಿ ಪದರಗಳು ಹಸಿಯಾಗಿದ್ದಾಗಲೇ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಗಟ್ಟಿಯಾಗಿ ವರ್ಷಗಳಾದ ಮೈಗೆ ಹೊಸ ಪಾಲಿಯೆಸ್ಟರ್ ಬೆಸೆಯುವುದಿಲ್ಲ, ಉಜ್ಜಿ ಮಾಡಿದ ಗೀರುಗಳನ್ನು ಕಚ್ಚಿಕೊಂಡು ಕೂರುತ್ತದೆ ಅಷ್ಟೇ. ತೇಪೆ ಚಿಪ್ಪಿನಂತೆ ಇಡಿಯಾಗಿ ಎದ್ದು ಬಂದರೆ ಕಾರಣ ಅದೇ. ಎಪಾಕ್ಸಿ ಗೆಲ್ಲುವುದು ಇಲ್ಲೇ: ಹಳೇ ಮೈಗೆ ಅದರ ಅಂಟು ಬಹಳ ಗಟ್ಟಿ, ನೀರು ಒಳನುಸುಳುವುದೂ ಕಡಿಮೆ. ವಿನೈಲ್ ಎಸ್ಟರ್ ಎರಡರ ನಡುವಿನದು, ನೀರು ತಡೆಯುವುದರಲ್ಲಿ ಪಾಲಿಯೆಸ್ಟರ್‌ಗಿಂತ ಎಷ್ಟೋ ಮೇಲು. ಆದರೆ ಡಬ್ಬಿಯಲ್ಲಿ ಕೆಲವೇ ತಿಂಗಳು ಬಾಳುತ್ತದೆ, ನಮ್ಮ ಸೆಖೆಗೆ ಇನ್ನೂ ಬೇಗ ಗಟ್ಟಿಯಾಗುತ್ತದೆ. ಒಂದೇ ತೇಪೆಗಾಗಿ ದೊಡ್ಡ ಡಬ್ಬಿ ತರುವುದು ದಂಡ.

ಯಾವುದನ್ನೇ ಹಾಕಿ, ಅಂಚನ್ನು ಓರೆಯಾಗಿ ಉಜ್ಜದಿದ್ದರೆ ರೆಸಿನ್‌ಗೆ ಕೊಟ್ಟ ದುಡ್ಡು ಸಮುದ್ರಕ್ಕೇ. ದಪ್ಪದ 12 ಪಟ್ಟು ಅಗಲದ ಓರೆ ಬೇಕು. 6 ಮಿ.ಮೀ.ಗೆ ಸುತ್ತಲೂ 7 ಸೆಂ.ಮೀ. ಚಿಲ್ಲರೆ, ಅಂದರೆ 10 ಸೆಂ.ಮೀ. ತೂತು ತೇಪೆ ಹೊತ್ತಿಗೆ 24 ಸೆಂ.ಮೀ. ಆಗುತ್ತದೆ. ನೋಡಿದವರಿಗೆ ಅತಿ ಎನಿಸಬಹುದು, ಆದರೆ ಭಾರ ಹೊರುವುದು ಆ ಓರೆಯೇ. ಮೊದಲು ಸಿಹಿನೀರಲ್ಲಿ ಉಪ್ಪು ತೊಳೆದು, ಅಸಿಟೋನ್‌ನಲ್ಲಿ ಜಿಡ್ಡು, ಮೇಣ ಒರೆಸಿ, ಒರೆಸಿದ ಬಟ್ಟೆ ದೂರವಿಟ್ಟು, ಆಮೇಲೆ ಗ್ರೈಂಡರಿಗೆ 40 ನಂಬರಿನ ಉಜ್ಜುವ ಡಿಸ್ಕ್ ಹಚ್ಚಿ. ಉಜ್ಜಿದ ಮೇಲೆ ಒರೆಸಿದರಾಯಿತು ಎಂದರೆ ಮೇಣವನ್ನು ಗೀರುಗಳೊಳಗೆ ತುಂಬಿದಂತೆ. ಮೈ ಒಣಗಿದೆಯೇ ಎಂದು ನೋಡಲು ಒಂದು ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಾಕಿ ಒಂದು ದಿನ ಬಿಡಿ. ಒಳಗೆ ಬೆವರು ಕಂಡರೆ ಇನ್ನೂ ಕಾಯಬೇಕು.

ಮ್ಯಾಟ್ ವಿಷಯದಲ್ಲಿ ಎಡವುವವರೇ ಹೆಚ್ಚು. ಚಾಪ್ಡ್ ಮ್ಯಾಟ್ ಅಂದರೆ ಕತ್ತರಿಸಿದ ಗಾಜಿನ ಎಳೆಗಳ ಹಾಸು, ಮಾಮೂಲಿಯದು ಚದರ ಮೀಟರಿಗೆ 450 ಗ್ರಾಂ. ಅದರ ಎಳೆಗಳನ್ನು ಹಿಡಿದಿಟ್ಟಿರುವ ಅಂಟು ಸ್ಟೈರೀನ್ ಎಂಬ ದ್ರಾವಕದಲ್ಲಿ ಕರಗುವಂಥದ್ದು. ಪಾಲಿಯೆಸ್ಟರ್, ವಿನೈಲ್ ಎಸ್ಟರ್‌ಗಳಲ್ಲಿ ಸ್ಟೈರೀನ್ ಇದೆ, ಮ್ಯಾಟ್ ಮೆತ್ತಗಾಗಿ ಕೂರುತ್ತದೆ. ಎಪಾಕ್ಸಿಯಲ್ಲಿ ಇಲ್ಲ, ಮ್ಯಾಟ್ ಸೆಟೆದುಕೊಂಡು ಒಳಗೆ ಗಾಳಿ ಉಳಿಯುತ್ತದೆ. ಎಪಾಕ್ಸಿಗೆ ನೇಯ್ದ ಬಟ್ಟೆ ಅಥವಾ ಎಳೆಗಳು ಎರಡು ದಿಕ್ಕಿಗೆ ಇರುವ, ಹೊಲಿದ ಬೈಆಕ್ಸಿಯಲ್ ಬಟ್ಟೆಯೇ ಬೇಕು. ಪಾಲಿಯೆಸ್ಟರ್‌ನಲ್ಲಾದರೆ ಒಂದು ಪದರ 450 ಮ್ಯಾಟ್ ಸುಮಾರು 1 ಮಿ.ಮೀ. ದಪ್ಪ ಕೊಡುತ್ತದೆ. ಹೀಗಾಗಿ ಆರು ಪದರ, ಮ್ಯಾಟ್‌ನ ತೂಕದ ಎರಡರಿಂದ ಎರಡೂವರೆ ಪಟ್ಟು ರೆಸಿನ್. ನಮ್ಮ ತೂತಿಗೆ ಪೋಲಾಗುವುದೂ ಸೇರಿ 300 ಗ್ರಾಂ ಸಾಕು. ಅದನ್ನೂ 150ರಂತೆ ಎರಡು ಸಲ ಕಲಸಿ.

ಕಲಸುವಾಗ ಎರಡರ ಲೆಕ್ಕವೂ ಬೇರೆ. ಪಾಲಿಯೆಸ್ಟರ್‌ಗೆ ಹಾಕುವ ಎಂಇಕೆಪಿ ಹಾರ್ಡ್‌ನರ್ ಶೇ. 1ರಿಂದ 2: 150 ಗ್ರಾಂಗೆ ಒಂದೂವರೆಯಿಂದ ಮೂರು ಮಿ.ಲೀ., ಸೂಜಿ ತೆಗೆದ ಸಿರಿಂಜ್‌ನಲ್ಲಿ ಅಳೆದು. ಸೆಖೆಗೆ ಕಡಿಮೆ, ತಂಪಿಗೆ ಹೆಚ್ಚು. ಶೇ. 1ಕ್ಕಿಂತ ಇಳಿಸಿದರೆ ಒಳಗೆ ಹಸಿ ಉಳಿದೇ ಉಳಿಯುತ್ತದೆ. ಎಪಾಕ್ಸಿಯಲ್ಲಿ ಈ ಆಟ ನಡೆಯುವುದಿಲ್ಲ. ಡಬ್ಬಿಯ ಮೇಲೆ 100ಕ್ಕೆ 10 ಎಂದು ಬರೆದಿದ್ದರೆ 150 ಗ್ರಾಂಗೆ 15 ಗ್ರಾಂ, ತಕ್ಕಡಿಯಲ್ಲಿ ತೂಗಿ. ಬೇಗ ಗಟ್ಟಿಯಾಗಲೆಂದು ಹೆಚ್ಚು ಸುರಿದರೆ ಗಟ್ಟಿಯಾಗುವುದಿಲ್ಲ, ರಬ್ಬರಾಗುತ್ತದೆ. ಮಳೆಗಾಲದಲ್ಲಿ ಎಪಾಕ್ಸಿಯ ಮೇಲೆ ಮೇಣದಂಥ ಜಿಡ್ಡು ಏಳುವುದುಂಟು. ಅದು ಅಸಿಟೋನ್‌ಗಲ್ಲ, ನೀರಿಗೆ ಹೋಗುತ್ತದೆ. ನೀರು ಹಾಕಿ ಸ್ಕ್ರಬ್ಬರಿನಿಂದ ತಿಕ್ಕಿ, ಒಣಗಿಸಿ, ಉಜ್ಜಿದ ಮೇಲೆಯೇ ಮುಂದಿನ ಪದರ.

ಇನ್ನು ಅಪಾಯ. ಪಾಲಿಯೆಸ್ಟರ್ ಘಾಟು ಹೊಡೆಯುತ್ತದೆ, ಜನ ಹೆದರುತ್ತಾರೆ. ಎಪಾಕ್ಸಿಗೆ ಹೆಚ್ಚು ವಾಸನೆಯಿಲ್ಲ, ಬರಿಗೈಯಲ್ಲಿ ಮುಟ್ಟುತ್ತಾರೆ. ಆದರೆ ಎಪಾಕ್ಸಿ ಮೈಗೆ ಮತ್ತೆ ಮತ್ತೆ ತಾಗಿ ಒಮ್ಮೆ ಅಲರ್ಜಿ ಹತ್ತಿತೋ, ಆಮೇಲೆ ಚೂರು ಸೋಕಿದರೂ ತುರಿ, ಗುಳ್ಳೆ. ಅದು ಸಾಮಾನ್ಯವಾಗಿ ಬಿಟ್ಟುಹೋಗುವುದಿಲ್ಲ. ನೈಟ್ರೈಲ್ ಕೈಗವಸು ಬೇಕೇ ಬೇಕು. ಅಸಿಟೋನ್‌ನಲ್ಲಿ ಕೈ ತೊಳೆಯುವುದು ರೆಸಿನನ್ನು ಚರ್ಮದೊಳಕ್ಕೆ ಕಳಿಸುವ ದಾರಿ.

ಪಾಲಿಯೆಸ್ಟರ್‌ನ ನಿಜವಾದ ಭಯ ಬೆಂಕಿ ಮತ್ತು ಕಣ್ಣು. ಸ್ಟೈರೀನ್ ಆವಿಗೆ ಕಿಡಿ ತಗುಲಿ ಹೊತ್ತಲು ಸುಮಾರು 31 ಡಿಗ್ರಿ ಸೆಲ್ಸಿಯಸ್ ಸಾಕು. ಅದು ನಮ್ಮ ಮಾಮೂಲಿ ಮಧ್ಯಾಹ್ನ. ಆವಿ ಗಾಳಿಗಿಂತ ಭಾರ, ದೋಣಿಯೊಳಗೆ ಕೂತು ಕೆಲಸ ಮಾಡುವವರ ಮೂಗಿನ ಮಟ್ಟದಲ್ಲೇ ನಿಲ್ಲುತ್ತದೆ. ಎನ್95 ಗ್ರೈಂಡರ್ ಧೂಳಿಗೆ ಸರಿ, ಈ ಆವಿಗೆ ಏನೂ ಅಲ್ಲ. ಸಾವಯವ ಆವಿಯ (ಆರ್ಗ್ಯಾನಿಕ್ ವೇಪರ್) ಕಾರ್ಟ್ರಿಜ್ ಇರುವ ಮಾಸ್ಕ್ ಬೇಕು. ಎಂಇಕೆಪಿ ಹನಿ ಕಣ್ಣಿಗೆ ಹಾರಿದರೆ ದೃಷ್ಟಿಯೇ ಹೋಗಬಹುದು. ಕನ್ನಡಕವಲ್ಲ, ಕಣ್ಣನ್ನು ಸುತ್ತಲೂ ಮುಚ್ಚುವ ಸುರಕ್ಷತಾ ಗಾಗಲ್ಸ್. ಹಾರಿಯೇಬಿಟ್ಟರೆ ತಕ್ಷಣ 15 ನಿಮಿಷ ನೀರು ಬಿಟ್ಟು, ಆಸ್ಪತ್ರೆಗೆ. ರೆಸಿನ್ ಜೊತೆ ನೇರಳೆ ಬಣ್ಣದ ಕೋಬಾಲ್ಟ್ ಆಕ್ಸಿಲರೇಟರ್ ಬೇರೆ ಬಾಟಲಿಯಲ್ಲಿ ಬಂದಿದ್ದರೆ ಅದನ್ನು ಮೊದಲು ರೆಸಿನ್‌ಗೆ ಪೂರ್ತಿ ಕಲಸಿ, ಆಮೇಲಷ್ಟೇ ಹಾರ್ಡ್‌ನರ್. ಎರಡೂ ನೇರವಾಗಿ ಕೂಡಿದರೆ ಸಿಡಿಯುತ್ತವೆ. ಒಂದೇ ಸಿರಿಂಜನ್ನು ಎರಡಕ್ಕೂ ಅದ್ದಬಾರದು.

ನೀರಿನ ಕೆಳಗಿನ ತೂತಿಗೆ ಎಪಾಕ್ಸಿ, ಮೇಲಿನ ಬಿರುಕಿಗೆ, ಜೆಲ್‌ಕೋಟ್ (ಹೊರಮೈಯ ಬಣ್ಣದ ಪದರ) ಗೀರಿಗೆ ಪಾಲಿಯೆಸ್ಟರ್ ಧಾರಾಳ ಸಾಕು. ಎಪಾಕ್ಸಿಯ ಮೇಲೆ ಜೆಲ್‌ಕೋಟ್ ಬಳಿಯಲು ಹೋಗಬೇಡಿ, ಸರಿಯಾಗಿ ಹಿಡಿಯುವುದಿಲ್ಲ. ಬಿಸಿಲಿಗೆ ಎಪಾಕ್ಸಿ ಪುಡಿಯಾಗುವುದರಿಂದ ಪೇಂಟ್ ಮಾತ್ರ ತಪ್ಪಿಸುವಂತಿಲ್ಲ. ಎರಡು ಡಬ್ಬಿ ಕಲಸುವ ಪಿಯು (ಪಾಲಿಯುರೆಥೇನ್) ಪೇಂಟ್ ಆದರೆ ಮನೆಯಂಗಳದಲ್ಲಿ ಸ್ಪ್ರೇ ಮಾಡದೆ ಬ್ರಶ್‌ನಲ್ಲೇ ಬಳಿಯಿರಿ, ಅದರಲ್ಲಿರುವ ಐಸೊಸಯನೇಟ್ ಎಂಬ ರಾಸಾಯನಿಕದ ಮಂಜು ಉಬ್ಬಸ ತರುವಂಥದ್ದು.