ಕಮ್ಯುನಿಟಿ ಕಾಲೇಜಿನ ಆಪ್ತಸಮಾಲೋಚನಾ ಸೇವೆ: ಮೂರು ವರ್ಷ ಬಳಸಿದ ವಿದ್ಯಾರ್ಥಿನಿಯ ವಿಮರ್ಶೆ

ಕ್ಯಾಲಿಫೋರ್ನಿಯಾದ ನಮ್ಮ ಕಮ್ಯುನಿಟಿ ಕಾಲೇಜಿನಲ್ಲಿ (ಮುಖ್ಯವಾಗಿ ಎರಡು ವರ್ಷದ ಓದಿನ ಸರ್ಕಾರಿ ಕಾಲೇಜು) ಪ್ರತಿ ಸೆಮಿಸ್ಟರ್ ಬೋಧನಾ ಶುಲ್ಕದ ಜೊತೆಗೆ ಹೆಲ್ತ್ ಫೀ ಎಂದು ಇಪ್ಪತ್ತೈದು ಡಾಲರ್ ಆಸುಪಾಸಿನ ಮೊತ್ತವೊಂದನ್ನು ಕಟ್ಟಿಸಿಕೊಳ್ಳುತ್ತಾರೆ. ಬಿಲ್ಲಿನ ಕೊನೆಯಲ್ಲಿರುವ ಈ ಸಾಲನ್ನು ಹೆಚ್ಚಿನವರು ಓದುವುದೇ ಇಲ್ಲ. (ಕಾಯಿಲೆ ವಾಸಿಯಾಗಲು ಪ್ರಾರ್ಥನೆಯನ್ನಷ್ಟೇ ನಂಬುವ ಪಂಥದವರಿಗೆ ರಾಜ್ಯದ ಕಾನೂನು ಈ ಶುಲ್ಕದಿಂದ ವಿನಾಯಿತಿ ಕೊಟ್ಟಿದೆ ಎಂಬುದು ನನಗೆ ತಿಳಿದದ್ದು ಆ ಸಾಲಿನ ಬಗ್ಗೆ ವಿಚಾರಿಸಿದಾಗಲೇ.) ಕ್ಯಾಂಪಸ್ಸಿನ ಆರೋಗ್ಯ ಕೇಂದ್ರ ಬಹುಮಟ್ಟಿಗೆ ಈ ಹಣದಿಂದಲೇ ನಡೆಯುತ್ತದೆ. ಶೀತ ಜ್ವರಕ್ಕೆ ಅಲ್ಲಿ ನರ್ಸ್ ಇದ್ದಾರೆ, ಮನಸ್ಸಿನ ತೊಂದರೆಗೆ ಆಪ್ತಸಮಾಲೋಚಕರಿದ್ದಾರೆ. ಈ ಎರಡನೆಯ ಸೇವೆಯನ್ನು ಮೂರು ವರ್ಷಗಳ ಹತ್ತಿರ ಬಳಸಿರುವುದರಿಂದ, ಇದೇ ಊರುಗಳಿಗೆ ಓದಲು ಬರುವ ಕನ್ನಡಿಗರಿಗೆ ಉಪಯೋಗವಾದೀತೆಂದು ವಿವರವಾಗಿ ಬರೆಯುತ್ತಿದ್ದೇನೆ.

ನಾನು ಎಚ್-4 ವೀಸಾದಲ್ಲಿ, ಎಂದರೆ ಇಲ್ಲಿ ಕೆಲಸದಲ್ಲಿರುವ ಗಂಡನ ಅವಲಂಬಿತೆಯಾಗಿ ಬಂದವಳು. ದಾವಣಗೆರೆಯಲ್ಲಿ ಬಿ.ಕಾಂ. ಮುಗಿಸಿದ್ದರೂ, ಇಲ್ಲಿ ಪ್ರೀಸ್ಕೂಲ್ ಟೀಚರ್ ಆಗಲು ಬೇಕಾದ ಕೋರ್ಸುಗಳನ್ನು ಸಂಜೆಯ ತರಗತಿಗಳಲ್ಲಿ ಓದುತ್ತಿದ್ದೆ. ನಿದ್ದೆ ಕೆಟ್ಟು, ತರಗತಿಯಲ್ಲಿ ಎದ್ದು ಮಾತನಾಡಬೇಕೆಂದರೆ ಎದೆ ಹೊಡೆದುಕೊಳ್ಳುವ ಸ್ಥಿತಿಗೆ ಬಂದಾಗ, ಗಂಡನ ಕಂಪನಿಯ ವಿಮೆಯ ಮೂಲಕ ಹೋಗದೆ ಕಾಲೇಜಿನ ಸೇವೆಯನ್ನೇ ಆರಿಸಿಕೊಂಡೆ. ಇಲ್ಲಿ ಭೇಟಿಗೆ ಬೇರೆ ಹಣವಿಲ್ಲ, ವಿಮಾ ಕಂಪನಿಗೆ ಬಿಲ್ಲು ಹೋಗುವುದಿಲ್ಲ, ಆದ್ದರಿಂದ ಮನೆಗೆ ಯಾವ ಕಾಗದವೂ ಬರುವುದಿಲ್ಲ. ನಮ್ಮಂಥ ಮನೆಗಳಲ್ಲಿ ಇದು ಸಣ್ಣ ಅನುಕೂಲವಲ್ಲ.

ಮೊದಲ ಭೇಟಿಯ ವ್ಯವಸ್ಥೆಗೆ ನಾನು ಪೂರ್ಣ ಅಂಕ ಕೊಡುತ್ತೇನೆ. ಕೌಂಟರಿನಲ್ಲಿ ಒಂದು ಟ್ಯಾಬ್ಲೆಟ್ ಕೊಟ್ಟು, ಪಿಎಚ್‌ಕ್ಯೂ-9 ಎಂಬ ಒಂಬತ್ತು ಪ್ರಶ್ನೆಗಳ ಪಟ್ಟಿಯನ್ನು ತುಂಬಿಸುತ್ತಾರೆ. ಕಳೆದ ಎರಡು ವಾರಗಳಲ್ಲಿ ನಿದ್ದೆ, ಹಸಿವು, ಆಸಕ್ತಿ, ಏಕಾಗ್ರತೆ ಹೇಗಿದ್ದವು ಎಂಬುದಕ್ಕೆ ಸೊನ್ನೆಯಿಂದ ಮೂರರವರೆಗೆ ಅಂಕ, ಒಟ್ಟು 27. ಒಂಬತ್ತನೆಯ ಪ್ರಶ್ನೆ ಸಾವಿನ ಅಥವಾ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಗೆ ಸಂಬಂಧಿಸಿದ್ದು. ಅದಕ್ಕೆ ಸೊನ್ನೆ ಬಿಟ್ಟು ಬೇರೆ ಯಾವ ಉತ್ತರ ಕೊಟ್ಟರೂ ಅಲ್ಲಿನ ಸಿಬ್ಬಂದಿ ಅಂದೇ ಯಾರನ್ನಾದರೂ ಭೇಟಿ ಮಾಡಿಸದೆ ಕಳಿಸುವುದಿಲ್ಲ. ನನ್ನ ಪಕ್ಕದಲ್ಲಿ ಕುಳಿತಿದ್ದ ಹುಡುಗನೊಬ್ಬನನ್ನು ಸದ್ದಿಲ್ಲದೆ ಒಳಗೆ ಕರೆದುಕೊಂಡು ಹೋದ ರೀತಿಯನ್ನು ನೋಡಿದ ಮೇಲೆ ಈ ಕೇಂದ್ರದ ಬಗ್ಗೆ ನನಗಿದ್ದ ಅರ್ಧ ಅನುಮಾನ ಕಳೆಯಿತು.

ನನಗೆ ಸಿಕ್ಕ ಮೊದಲ ಸಮಾಲೋಚಕಿ ಇನ್ನೂ ತರಬೇತಿಯಲ್ಲಿದ್ದವರು. ಭಾರತದ ಮನೆಗಳ ಬಗ್ಗೆ ಅವರಿಗೇನೂ ಗೊತ್ತಿರಲಿಲ್ಲವಾದರೂ ಕೇಳುವ ತಾಳ್ಮೆಯಿತ್ತು. ಊರಿನಿಂದ ಅತ್ತೆಯವರು ಫೋನ್ ಮಾಡಿ “ಇನ್ನೂ ಓದ್ತಾನೇ ಇದ್ದೀಯೇನಮ್ಮ?” ಎಂದು ಕೇಳಿದ ದಿನವೆಲ್ಲ ನನಗೆ ಪುಸ್ತಕ ಮುಟ್ಟಲಾಗುತ್ತಿರಲಿಲ್ಲ. ಹಾಳೆಯಲ್ಲಿ ಮೂರು ಕಾಲಂ ಎಳೆಸಿ, ನಡೆದದ್ದೇನು, ಆಗ ಮನಸ್ಸಿಗೆ ಬಂದದ್ದೇನು, ಅದಕ್ಕೆ ಆಧಾರವೇನು ಎಂದು ನನ್ನಿಂದಲೇ ಬರೆಸಿದ ಮೇಲೆ ಅವರು ಕೇಳಿದ್ದು, ಆ ಪ್ರಶ್ನೆಗೆ ನಿಮ್ಮ ಪರವಾಗಿ ಉತ್ತರ ಕೊಡಬಲ್ಲವರು ಮನೆಯಲ್ಲಿ ಯಾರಿದ್ದಾರೆ ಎಂದು. ಆ ವಾರದಿಂದ ಉತ್ತರ ಕೊಡುವ ಕೆಲಸ ನನ್ನ ಗಂಡನದಾಯಿತು. ಮರುವರ್ಷ ಸಿಕ್ಕ ಇನ್ನೊಬ್ಬರು ಇದೇ ವಿಷಯಕ್ಕೆ ಫೋನ್ ಎತ್ತದಿದ್ದರಾಯಿತು ಎಂದುಬಿಟ್ಟರು. ಅತ್ತೆಯ ಫೋನ್ ಎತ್ತದೆ ಉಳಿದ ಸೊಸೆಯನ್ನು ಅವರು ಎಲ್ಲಿ ಕಂಡಿದ್ದರೋ ತಿಳಿಯದು.

ಹೀಗೆ ಪ್ರತಿ ವರ್ಷ ಹೊಸಬರು ಬರುವುದೇ ಈ ಸೇವೆಯ ಬಹುದೊಡ್ಡ ಕೊರತೆ. ಕ್ಯಾಲಿಫೋರ್ನಿಯಾದಲ್ಲಿ ಕುಟುಂಬ ಚಿಕಿತ್ಸಕರ (ಆಪ್ತಸಮಾಲೋಚನೆ ನಡೆಸುವ ಥೆರಪಿಸ್ಟ್) ಪರವಾನಗಿ ಪಡೆಯಲು, ಮೇಲ್ವಿಚಾರಕರ ಕೈಕೆಳಗೆ 3,000 ಗಂಟೆ ಕೆಲಸ ಮಾಡಿದ ಅನುಭವ ಬೇಕು. ಅವರಿಗೆ ಗಂಟೆಗಳು ಬೇಕು, ಕಾಲೇಜಿಗೆ ಕಡಿಮೆ ಖರ್ಚಿನಲ್ಲಿ ಕೈಗಳು ಬೇಕು. ಹೀಗಾಗಿ ಆಗಸ್ಟಿನಲ್ಲಿ ಬಂದ ಟ್ರೈನಿಗಳು ಮೇ ತಿಂಗಳಲ್ಲಿ ಹೊರಟುಹೋಗುತ್ತಾರೆ. ವರ್ಷಕ್ಕೆ ಆರು ಭೇಟಿಗಳ ಮಿತಿ ಬೇರೆ. ಮೊದಲ ಭೇಟಿ ಪರಿಚಯಕ್ಕೆ, ಕೊನೆಯದು ಬೀಳ್ಕೊಡುಗೆಗೆ ಹೋದರೆ ಕೆಲಸಕ್ಕೆ ಉಳಿಯುವುದು ನಾಲ್ಕೇ. ಆಗಸ್ಟಿನಲ್ಲಿ ಹೊಸಬರ ಮುಂದೆ ಕುಳಿತು ಹಳೆಯ ಕಥೆಯನ್ನೆಲ್ಲ ಮೊದಲಿನಿಂದ ಹೇಳುವಷ್ಟರಲ್ಲಿ, ಕಳೆದ ವರ್ಷ ಎಲ್ಲಿಯವರೆಗೆ ಬಂದಿದ್ದೆವು ಎಂಬುದು ನನಗೇ ಮಸುಕಾಗಿರುತ್ತಿತ್ತು.

ಇದಕ್ಕಿಂತ ಗಂಭೀರವಾದ ಲೋಪ ಇನ್ನೊಂದಿದೆ. ಆ ಸೆಮಿಸ್ಟರಿನಲ್ಲಿ ಕೋರ್ಸು ತೆಗೆದುಕೊಂಡಿರುವವರಿಗೆ ಮಾತ್ರ ಈ ಸೇವೆ ಸಿಗುತ್ತದೆ. ಖಿನ್ನತೆ ಹೆಚ್ಚಾದವರು ಮೊದಲು ಮಾಡುವ ಕೆಲಸವೇ ತರಗತಿಗಳನ್ನು ಒಂದೊಂದಾಗಿ ಬಿಡುವುದು. ಕೊನೆಯ ಕೋರ್ಸನ್ನು ಬಿಟ್ಟ ಮೇಲೆ ಕಂಪ್ಯೂಟರ್ ಅವರನ್ನು ವಿದ್ಯಾರ್ಥಿಗಳೆಂದು ಗುರುತಿಸುವುದಿಲ್ಲ, ಬುಕ್ ಆಗಿದ್ದ ಅಪಾಯಿಂಟ್‌ಮೆಂಟ್ ತಾನಾಗಿ ರದ್ದಾಗುತ್ತದೆ. ನನಗೂ ಒಂದು ವಸಂತದಲ್ಲಿ ಹೀಗೇ ಆಯಿತು. ರದ್ದಾದ ಸಂದೇಶ ಬಂದಿತೇ ಹೊರತು, ಮುಂದೆ ಎಲ್ಲಿಗೆ ಹೋಗಬೇಕೆಂದು ಯಾರೂ ಫೋನ್ ಮಾಡಿ ಹೇಳಲಿಲ್ಲ. ಹಾಸ್ಟೆಲ್ ಇರುವ ವಿಶ್ವವಿದ್ಯಾಲಯದಲ್ಲಾದರೆ ಮೂರು ದಿನ ಕಾಣದವರನ್ನು ಪಕ್ಕದ ಕೋಣೆಯವರಾದರೂ ವಿಚಾರಿಸುತ್ತಾರೆ. ಇಲ್ಲಿ ಎಲ್ಲರೂ ಕೆಲಸ, ಮಕ್ಕಳು, ಬಸ್ಸಿನ ವೇಳೆ ಇವುಗಳ ನಡುವೆ ಬಂದು ಹೋಗುವವರು; ಒಬ್ಬರು ಬರುವುದನ್ನು ನಿಲ್ಲಿಸಿದರೆ ಗಮನಿಸುವವರಿಲ್ಲ. ಗಂಭೀರ ಕಾರಣಕ್ಕೆ ಓದು ನಿಲ್ಲಿಸುವವರಿಗೆ ಅಂಕಪಟ್ಟಿಯಲ್ಲಿ ಇಡಬ್ಲ್ಯು (ಎಕ್ಸ್‌ಕ್ಯೂಸ್ಡ್ ವಿತ್‌ಡ್ರಾವಲ್) ಎಂಬ ಗುರುತು ಸಿಗುತ್ತದೆ, ಅದು ಮುಂದಿನ ಓದಿಗೆ ಅಡ್ಡಿಯಾಗುವುದಿಲ್ಲ ಎಂಬ ವಿಷಯವೂ ನನಗೆ ತಿಳಿದದ್ದು ಸಹಪಾಠಿಯೊಬ್ಬಳಿಂದ, ಆರೋಗ್ಯ ಕೇಂದ್ರದಿಂದಲ್ಲ.

ರಾತ್ರಿ ಮತ್ತು ರಜೆಗಳಿಗೆಂದು ಕಾಲೇಜು ಖಾಸಗಿ ಕಂಪನಿಯೊಂದರ ಜೊತೆ ವಿಡಿಯೊ ಸಮಾಲೋಚನೆಯ ಗುತ್ತಿಗೆ ಮಾಡಿಕೊಂಡಿದೆ. ರಾತ್ರಿ ಹನ್ನೊಂದಕ್ಕೆ ಮಗು ಮಲಗಿದ ಮೇಲೆ ಹತ್ತು ನಿಮಿಷದೊಳಗೆ ಯಾರಾದರೂ ಸಿಗುತ್ತಾರೆ, ಇದು ನಿಜವಾದ ಉಪಕಾರ. ಆದರೆ ಪ್ರತಿ ಸಲ ಬೇರೆ ಮುಖ, ಕ್ಯಾಂಪಸ್ಸಿನ ದಾಖಲೆ ಅವರಿಗೆ ಕಾಣುವುದಿಲ್ಲ. ಭಾಷೆ ಆರಿಸುವ ಪಟ್ಟಿಯಲ್ಲಿ ಹಿಂದಿ ಇತ್ತು, ಕನ್ನಡ ಇರಲಿಲ್ಲ. ಭಾರತದಲ್ಲಿ 2022ರ ಅಕ್ಟೋಬರಿನಿಂದ 14416 ಸಂಖ್ಯೆಗೆ ಕರೆ ಮಾಡಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನಲ್ಲಿ ಕನ್ನಡದಲ್ಲೇ ಮಾತನಾಡಬಹುದು. ಇಲ್ಲಿರುವವರು ಅಳು ಬಂದಾಗಲೂ ಇಂಗ್ಲಿಷಿನಲ್ಲೇ ಅಳಬೇಕು.

ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿ ಬರುವವರು ಇನ್ನೊಂದನ್ನು ತಿಳಿದಿರಬೇಕು. ಅವರು ಸೆಮಿಸ್ಟರಿಗೆ 12 ಯೂನಿಟ್ (ಕ್ರೆಡಿಟ್) ಓದಲೇಬೇಕು. ಅನಾರೋಗ್ಯದ ಕಾರಣಕ್ಕೆ, ಮಾನಸಿಕ ಅನಾರೋಗ್ಯವೂ ಸೇರಿ, ಕೋರ್ಸುಗಳನ್ನು ಕಡಿಮೆ ಮಾಡಿಕೊಳ್ಳಲು ಒಟ್ಟು 12 ತಿಂಗಳವರೆಗೆ ಅವಕಾಶವಿದೆ. ಆದರೆ ಅದಕ್ಕೆ ಪರವಾನಗಿಯುಳ್ಳ ವೈದ್ಯರ ಅಥವಾ ಮನಶ್ಶಾಸ್ತ್ರಜ್ಞರ ಪತ್ರ ಬೇಕು. ಕ್ಯಾಂಪಸ್ಸಿನ ಟ್ರೈನಿ ಅಥವಾ ಕುಟುಂಬ ಚಿಕಿತ್ಸಕರ ಪತ್ರ ನಡೆಯುವುದಿಲ್ಲ. ಕೋರ್ಸು ಬಿಡುವ ಮೊದಲೇ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯ ಒಪ್ಪಿಗೆ ಪಡೆಯದಿದ್ದರೆ ವೀಸಾಕ್ಕೇ ಕುತ್ತು.

ಹಣವಿಲ್ಲದೆ ಇದೆಲ್ಲ ಹೀಗಿದೆ ಎಂಬುದು ಅರ್ಧ ಮಾತ್ರ ಸತ್ಯ. 2021ರ ಬಜೆಟ್ಟಿನಲ್ಲಿ ರಾಜ್ಯವು ಕಮ್ಯುನಿಟಿ ಕಾಲೇಜುಗಳ ಮಾನಸಿಕ ಆರೋಗ್ಯಕ್ಕೆ ವರ್ಷಕ್ಕೆ 3 ಕೋಟಿ ಡಾಲರ್ ತೆಗೆದಿಟ್ಟಿತು. ಆದರೆ ಕಾಲೇಜುಗಳಿರುವುದು 116. ಸರಾಸರಿ ಹಾಕಿದರೆ ಒಂದಕ್ಕೆ ಎರಡೂವರೆ ಲಕ್ಷ ಡಾಲರ್ ಚಿಲ್ಲರೆ, ಎಂದರೆ ಬೇ ಏರಿಯಾದ (ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಪ್ರದೇಶ) ಸಂಬಳದಲ್ಲಿ ಇಬ್ಬರು ಪರವಾನಗಿಯುಳ್ಳವರನ್ನು ಇಟ್ಟುಕೊಳ್ಳುವಷ್ಟು. ಸಾವಿರದಿಂದ ಒಂದೂವರೆ ಸಾವಿರ ವಿದ್ಯಾರ್ಥಿಗಳಿಗೆ ಒಬ್ಬ ಸಮಾಲೋಚಕರಿರಬೇಕೆಂಬುದು ಈ ವೃತ್ತಿಯ ಅಂತರರಾಷ್ಟ್ರೀಯ ಸಂಘಟನೆಯ ಶಿಫಾರಸು. ನಮ್ಮ ಕಾಲೇಜು ಅದರ ಹತ್ತಿರಕ್ಕೂ ಬರುವುದಿಲ್ಲ. ಅಮೆರಿಕದ ಕಾಲೇಜು ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಬಗ್ಗೆ ನಡೆಯುವ ಹೆಲ್ತಿ ಮೈಂಡ್ಸ್ ಸಮೀಕ್ಷೆಯ ಮಾಹಿತಿಯಿಂದ 2021ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಕಮ್ಯುನಿಟಿ ಕಾಲೇಜು ವಿದ್ಯಾರ್ಥಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಒಂದಲ್ಲ ಒಂದು ಮಾನಸಿಕ ತೊಂದರೆಯ ಲಕ್ಷಣಗಳು ಕಂಡಿದ್ದವು. ತೊಂದರೆ ನಾಲ್ಕು ವರ್ಷದ ಕಾಲೇಜುಗಳವರಷ್ಟೇ ಇದ್ದರೂ ಚಿಕಿತ್ಸೆ ಪಡೆದವರು ಕಡಿಮೆ, ಅದಕ್ಕೆ ಮುಖ್ಯ ಅಡ್ಡಿ ಖರ್ಚು.

ಹೊಸ ಹಣ ಬಾರದಿದ್ದರೂ ಸರಿಪಡಿಸಬಹುದಾದ ಸಂಗತಿಗಳಿವೆ. ಕೋರ್ಸು ಬಿಟ್ಟವರಿಗೆ ಆ ಸೆಮಿಸ್ಟರ್ ಮುಗಿಯುವವರೆಗಾದರೂ ಸೇವೆ ಮುಂದುವರಿಯಬೇಕು. ಅವರು ಆ ಅವಧಿಯ ಶುಲ್ಕ ಕಟ್ಟಿರುತ್ತಾರಲ್ಲ! ಮೇ ತಿಂಗಳಲ್ಲಿ ಹೊರಡುವ ಟ್ರೈನಿ, ವಿದ್ಯಾರ್ಥಿಯ ಎದುರಿಗೇ ಒಂದು ಪುಟದ ಟಿಪ್ಪಣಿ ಬರೆದು ಮುಂದಿನವರಿಗೆ ಬಿಟ್ಟುಹೋಗಲಿ. ಎಲ್ಲ ಕೋರ್ಸು ಬಿಡಲು ಅರ್ಜಿ ಹಾಕಿದವರಿಗೆ ಒಂದು ಫೋನ್ ಕರೆ ಹೋಗಲಿ. ಪರೀಕ್ಷೆಗೆ ಹೆಚ್ಚುವರಿ ಸಮಯ ಕೊಡಿಸುವ ಡಿಎಸ್‌ಪಿಎಸ್ ಎಂಬ ವಿಭಾಗ ಖಿನ್ನತೆ, ಆತಂಕ ಇರುವವರಿಗೂ ತೆರೆದಿದೆ ಎಂಬುದನ್ನು ಮೊದಲ ಭೇಟಿಯಲ್ಲೇ ಹೇಳಲಿ. ಎರಡು ಕಚೇರಿಗಳಿರುವುದು ಒಂದೇ ಕಟ್ಟಡದಲ್ಲಿ, ಆದರೂ ನನಗೆ ಆ ಬಾಗಿಲು ಗೊತ್ತಾಗಲು ಎರಡು ವರ್ಷ ಹಿಡಿಯಿತು.

ಐದಕ್ಕೆ ಮೂರು ಕೊಡುತ್ತೇನೆ, ಆ ಮೂರೂ ಅಲ್ಲಿ ಕೆಲಸ ಮಾಡುವವರಿಗೆ ಸಲ್ಲಬೇಕಾದವು. ಸೇರುವವರು ಸೆಮಿಸ್ಟರಿನ ಮೊದಲ ವಾರದಲ್ಲೇ ಅಪಾಯಿಂಟ್‌ಮೆಂಟ್ ಮಾಡಿಸಿ, ಅಕ್ಟೋಬರ್ ಹೊತ್ತಿಗೆ ಮೂರು ವಾರ ಕಾಯಬೇಕಾಗುತ್ತದೆ. ಎದುರಿಗಿರುವವರು ಮುಂದಿನ ವರ್ಷವೂ ಇರುತ್ತಾರೆಯೇ ಎಂದು ಮೊದಲ ದಿನವೇ ಕೇಳಿ. ಇಲ್ಲವೆಂದರೆ ಪರವಾನಗಿಯುಳ್ಳ ಕಾಯಂ ಸಿಬ್ಬಂದಿಯ ಹೆಸರಿಗೆ ಹಾಕಿಸಿಕೊಳ್ಳಲು ಅವಕಾಶವಿದೆ, ಕೇಳಿದವರಿಗೆ ಮಾತ್ರ ಕೊಡುತ್ತಾರೆ. ತುರ್ತಾಗಿ ಮಾತನಾಡಬೇಕಾದರೆ ಕೇಂದ್ರ ತೆರೆಯುವವರೆಗೆ ಕಾಯುವುದು ಬೇಡ. ಅಮೆರಿಕದಲ್ಲಿ ಎಲ್ಲಿಂದಲಾದರೂ ಆತ್ಮಹತ್ಯೆ ತಡೆ ಮತ್ತು ಮಾನಸಿಕ ಬಿಕ್ಕಟ್ಟಿನ ಸಹಾಯವಾಣಿ 988ಕ್ಕೆ ಕರೆ ಮಾಡಬಹುದು, ಅದಕ್ಕೆ ನೀವು ಯಾವ ಕೋರ್ಸಿಗೂ ಸೇರಿರಬೇಕಾಗಿಲ್ಲ.